ಬಾಲ ನೋಡಿ ಕುಲ ಹೇಳುತ್ತಿದ್ದರು

ಕಿಸುಮುವಿನ ಮೀನುಪೇಟೆಯ ಹಿಂದಿನ ಚರಂಡಿಯಿಂದ
ಎರಡು ಸೀಸೆ ನೀರು, ಒಂದೇ ವಾರದಲ್ಲಿ.
ಸೋಸಿ, ಬ್ಯಾಕ್ಟೀರಿಯಾ ಹಬ್ಬಿದ ತಟ್ಟೆಯ ಮೇಲೆ ಹನಿಸಿ
ಒಂದು ರಾತ್ರಿ ಕಳೆದರೆ
ಮಂಜಿನಂಥ ಪದರದ ತುಂಬ ದುಂಡು ದುಂಡು ತೂತು.
ಎಲ್ಲರ ಮನೆ ದೋಸೆಯೂ ತೂತೇ ಎಂದು
ನಾವು ನಕ್ಕು ಸುಮ್ಮನಾಗುತ್ತೇವೆ;
ಅಡೊಂಗೊಗೆ ತೂತೇ ಸುದ್ದಿ.
ಯಾರೋ ಒಳಹೊಕ್ಕು, ನೂರಾಗಿ,
ಗೋಡೆ ಒಡೆದು ಹೊರಬಿದ್ದಿದ್ದಾರೆ.

ಚಿತ್ರ ತೆಗೆಸಲು ನೈರೋಬಿಗೇ ಕಳಿಸಬೇಕು.
ಬಂತು ಹದಿನೇಳನೆಯ ದಿನ, ಬೂದು ಬೂದಾಗಿ:
ಆರು ಮೂಲೆಯ ತಲೆ, ಉದ್ದ ಬಾಲ, ತುಸು ಬಾಗಿದ್ದು.
ಇನ್ನೊಂದು:
ಆರು ಮೂಲೆಯ ತಲೆ, ಉದ್ದ ಬಾಲ, ತುಸು ಬಾಗಿದ್ದು.
ಪ್ರೊಫೆಸರ್ ಒಗುಟು ಕನ್ನಡಕ ಹಣೆಗೇರಿಸಿ
'ಒಂದೇ ಮನೆಯವು' ಅಂದರು.
ಅವರ ಕಾಲಕ್ಕೆ ಅದು ಸರಿಯೇ.
ಬಾಲ ಉದ್ದವೋ, ಮೋಟೋ, ಕುಗ್ಗುತ್ತದೋ ಇಲ್ಲವೋ,
ಅಷ್ಟು ಕೇಳಿದರೆ ಗೋತ್ರವಿಚಾರ ಮುಗಿಯುತ್ತಿತ್ತು.

ಟ್ಯೂಬಿನ ಮುಚ್ಚಳದ ಮೇಲೆ, ಯಾರಿಗೂ ಹೇಳದೆ,
ಬರೆದಳು: ಅಪಿಯೊ. ಅಡೊಂಗೊ.
ಲುವೊ ಜನರಲ್ಲಿ ಅವಳಿಗಳಿಗೆ ಹೆಸರು ಹುಡುಕಬೇಕಾಗಿಲ್ಲ,
ಮುಂಚೆ ಬಂದವಳು ಅಪಿಯೊ,
ಹಿಂದೆ ಉಳಿದವಳು ಅಡೊಂಗೊ.
ಇವಳ ಅಪಿಯೊ ಹನ್ನೊಂದು ನಿಮಿಷ ದೊಡ್ಡವಳು;
ಬಾಗಿಲ ದಾರಂದಕ್ಕೆ ತಲೆ ತಗಲುವ ಎತ್ತರ,
ಇವಳು ಅವಳ ಭುಜಕ್ಕೂ ಬರಳು.
ಅವಳಿ ಎಂದರೆ ಬಸ್ಸಿನ ಕಂಡಕ್ಟರೂ ನಂಬುತ್ತಿರಲಿಲ್ಲ.

ಅಂಗೈಯಗಲದ ಯಂತ್ರ ಜೀನೋಮು ಓದತೊಡಗಿತು.
ನಮ್ಮ ಹಾಗೆ ನಲವತ್ತೊಂಬತ್ತಲ್ಲ, ನಾಲ್ಕೇ ಅಕ್ಷರ;
ಕಾಗುಣಿತವಿಲ್ಲ, ಒತ್ತಿಲ್ಲ, ಪದಗಳ ನಡುವೆ ತೆರಪಿಲ್ಲ,
ಪೂರ್ಣವಿರಾಮ ಮಾತ್ರ ಮೂರು ಥರ.
ಒಂದರಲ್ಲಿ ನಲವತ್ತೆರಡು ಸಾವಿರ ಅಕ್ಷರ,
ಇನ್ನೊಂದರಲ್ಲಿ ಐವತ್ತೊಂದು.
ನಡುವೆ ಎರಡು ಸಲ ಕರೆಂಟು ಹೋಯಿತು.

ನೂರಕ್ಕೆ ತೊಂಬತ್ತೈದು ಹೊಂದಿದರೆ ಒಂದೇ ಪ್ರಭೇದ,
ಎಪ್ಪತ್ತು ದಾಟಿದರೆ ಒಂದೇ ಕುಲ.
ಇವೆರಡಕ್ಕೆ ಬಂದದ್ದು ಎರಡೂಕಾಲು.
'ಯಂತ್ರದ ತಪ್ಪು' ಅಂದರು ಒಗುಟು.
ಮತ್ತೆ ಓಡಿಸಿದಳು. ಎರಡೂಕಾಲು.

ಬ್ಯಾಕ್ಟೀರಿಯಾಗಳಲ್ಲಾದರೆ ಎಲ್ಲಕ್ಕೂ ಸೇರಿದ
ಹಳೆಯ ಜೀನೊಂದಿದೆ, ಅದರ ತುದಿ ಹಿಡಿದು ಬುಡಕ್ಕೆ ಇಳಿಯಬಹುದು.
ಅವನ್ನು ತಿನ್ನುವ ಇವುಗಳಲ್ಲಿ
ಎಲ್ಲವೂ ಹೊತ್ತು ತಂದ ಜೀನು ಒಂದಾದರೂ ಇಲ್ಲ.
ಮರ ಬರೆಯಹೋದರೆ
ಕೊಂಬೆ ತಿರುಗಿ ಇನ್ನಾರದೋ ಬೇರಿಗೆ ಕೂಡುತ್ತದೆ.
ತಲೆ ಒಬ್ಬರದು, ಬಾಲ ಇನ್ನೊಬ್ಬರಿಂದ ಕಡ,
ಹಿಂತಿರುಗಿಸಿದ ಲೆಕ್ಕ ಎಲ್ಲೂ ಇಲ್ಲ.
ನದಿಮೂಲ ಋಷಿಮೂಲ ಕೆದಕಬಾರದಂತೆ;
ಚರಂಡಿಮೂಲಕ್ಕೆ ಯಾವ ಗಾದೆಯೂ ಅಡ್ಡ ಬರುವುದಿಲ್ಲ.

ಮರ ಬಿಟ್ಟು ಬಲೆ ಬರೆದಳು.
ದುಂಗಾ ದಡದಲ್ಲಿ ಸೋದರಮಾವ ಹೊಲಿಯುತ್ತಾನಲ್ಲ,
ಐದು ಹರಕು ಬಲೆಗಳ ನೂಲು ಒಂದಕ್ಕೇ ಸೇರಿಸಿ, ಹಾಗೆ.
ಸಾವಿರಾರು ಚುಕ್ಕಿ, ಚುಕ್ಕಿಗೆ ಚುಕ್ಕಿಗೆ ಎಳೆ.
ಇವಳ ಎರಡು, ಪರದೆಯ ಆ ಕೊನೆ, ಈ ಕೊನೆ.
ನಡುವೆ ಒಂದೇ ಎಳೆ, ದೊಡ್ಡದು ಮಾಡಿದರಷ್ಟೇ ಕಾಣುವಂಥದು:
ಎರಡರಲ್ಲೂ ಇದ್ದ ಒಂದೇ ಜೀನು,
ಕಟ್ಟಕಡೆಗೆ ಗೋಡೆ ಒಡೆಯುವ ಜೀನು.

ಅಪಿಯೊ ಮನೆ ಬಿಟ್ಟದ್ದು ಹದಿನೆಂಟಕ್ಕೆ, ರಾತ್ರಿ ಬಸ್ಸಿಗೆ.
ಇವಳು ಎರಡು ವರ್ಷ ತಡೆದು, ಹಗಲು ಬಸ್ಸಿಗೆ.

ಗೋಡೆಯ ಹಳೆಯ ಚಾರ್ಟನ್ನು ಒಗುಟು ಇಳಿಸಲಿಲ್ಲ.
ಬಾಲದ ಮೂರು ಮನೆತನಗಳ ಮೇಲೆ
ಪೆನ್ಸಿಲಿನಲ್ಲಿ ಗೀಟೆಳೆದರು,
ಬೇಕಾದರೆ ಅಳಿಸಲು ಬರುವ ಹಾಗೆ.
ನಮೂನೆಯಲ್ಲಿ 'ಕುಟುಂಬ' ಎಂಬ ಮನೆ ಖಾಲಿ ಬಿಟ್ಟಳು;
ಈಗ ಹಾಗೆ ಬಿಡಬಹುದು, ನಿಯಮವೇ ಇದೆ.

ಫ್ರೀಜರಿನಲ್ಲಿ ಒಂದೇ ಡಬ್ಬಿ, ಪಕ್ಕಪಕ್ಕ ಎರಡು ಟ್ಯೂಬು.
ಕರೆಂಟು ಹೋಗಿ ಬಂದಾಗಲೆಲ್ಲ ಹಿಮ ಕರಗಿ
ಶಾಯಿ ಹರಡಿ, ಮತ್ತೆ ಹೆಪ್ಪುಗಟ್ಟಿ
ಎರಡು ಮುಚ್ಚಳದ ಮೇಲೂ
ಈಗ ಓದಲು ಸಿಗುವುದು
'ಅ' ಅಷ್ಟೇ.